ಗೆರ್ಟ್ರೂಡ್ ಬಾಯಿ ಅಳಿಸಿದ ಎರಡು ಕಣ್ಣು

ಹಂಪನಕಟ್ಟೆಯಲ್ಲಿ ಜೋನ್ ಪೊರ್ಬುಗಳ ಸ್ಟುಡಿಯೋ ಇದ್ದ ಕಾಲದಲ್ಲಿ, ಹುಡುಗಿಯ ಫೋಟೋ ಗಂಡಿನ ಮನೆಗೆ ಕಳಿಸುವುದಿದ್ದರೆ ಅಲ್ಲಿಯೇ ತೆಗೆಸಬೇಕು ಎಂದು ಮಂಗಳೂರಿನ ಅರ್ಧ ಊರು ನಂಬಿತ್ತು. ಅದಕ್ಕೆ ಕಾರಣ ಅಲ್ಲಿನ ಕ್ಯಾಮೆರಾ ಅಲ್ಲ, ಜೋನ್ ಪೊರ್ಬುಗಳೂ ಅಲ್ಲ. ಮಾಳಿಗೆಯಲ್ಲಿ, ಬಡಗು ದಿಕ್ಕಿನ ಕಿಟಕಿಯ ಪಕ್ಕ, ಓರೆ ಮೇಜಿನ ಮುಂದೆ ಬೆನ್ನು ಬಾಗಿಸಿ ಕೂತಿರುತ್ತಿದ್ದ ಗೆರ್ಟ್ರೂಡ್ ಬಾಯಿ. ಊರಿನ ಕೊಂಕಣಿ ಕ್ರೈಸ್ತರಲ್ಲಿ ಮರ್ಯಾದೆಗೆ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಿ ಎನ್ನುವುದು ವಾಡಿಕೆ.

ಆಗ ಫೋಟೋ ಮೂಡುತ್ತಿದ್ದದ್ದು ಗಾಜಿನ ಪ್ಲೇಟಿನ ಮೇಲೆ. ಪ್ಲೇಟು ತೊಳೆದು ಒಣಗಿದ ಮೇಲೆ ಬಾಯಿಯ ಮೇಜಿಗೆ ಬರುತ್ತಿತ್ತು. ಅದರಲ್ಲಿ ಎಲ್ಲವೂ ಉಲ್ಟಾ. ಬಿಳಿ ಸೀರೆ ಕಪ್ಪು, ಕಪ್ಪು ಕೂದಲು ಬಿಳಿ, ಮುಖವೆಂದರೆ ಇದ್ದಿಲ ತುಂಡು. ಆ ಇದ್ದಿಲಿನಲ್ಲಿ ಮೊಡವೆ ಯಾವುದು, ಸಿಡುಬಿನ ಕಲೆ ಯಾವುದು, ಪ್ಲೇಟಿಗೆ ಕೂತ ಧೂಳು ಯಾವುದು ಎಂದು ಬಾಯಿ ಒಂದೇ ನೋಟಕ್ಕೆ ಹೇಳುತ್ತಿದ್ದರು. ಧೂಳು ಕೂತಲ್ಲಿ ಪ್ಲೇಟಿನಲ್ಲಿ ಸೂಜಿಮೊನೆಯಷ್ಟು ತೂತು ಉಳಿಯುತ್ತದೆ, ಪ್ರಿಂಟು ಹಾಕಿದರೆ ಅಲ್ಲಿ ಕರಿ ಚುಕ್ಕೆ. ಮರಳುಕಾಗದದ ಮೇಲೆ ಮಸೆದು ಮುಳ್ಳಿನಂತೆ ಚೂಪು ಮಾಡಿದ ಪೆನ್ಸಿಲಿನಿಂದ ಬಾಯಿ ಆ ತೂತು ತುಂಬುತ್ತಿದ್ದರು. ಕರಿ ದಪ್ಪವಾಗಿ ಕೂತಲ್ಲಿ ಸಣ್ಣ ಚಾಕುವಿನಿಂದ ಉಸಿರು ಬಿಗಿಹಿಡಿದು ಹೆರೆಯುತ್ತಿದ್ದರು. ಅರ್ಧ ಗಂಟೆ ಕಳೆದರೆ ಕೆನ್ನೆ ಬೆಣ್ಣೆ.

ಅವರ ಸ್ವಂತ ಎಡಗೆನ್ನೆ ಮಾತ್ರ ಬೆಣ್ಣೆಯಾಗಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಸಿಡುಬು ಬಂದು ಏಳೆಂಟು ಗುಳಿ ಬಿಟ್ಟುಹೋಗಿತ್ತು. ಇಪ್ಪತ್ತೆರಡರಲ್ಲಿ ಸಂಬಂಧದ ಮಾತು ಬಂದಾಗ ಆಗ ಸ್ಟುಡಿಯೋ ನಡೆಸುತ್ತಿದ್ದ ಜೋನ್ ಪೊರ್ಬುಗಳ ಅಪ್ಪ ಒಂದು ಫೋಟೋ ತೆಗೆದುಕೊಟ್ಟರು, ಬಾಯಿ ತಮ್ಮ ಕೆನ್ನೆಯನ್ನು ತಾವೇ ತಿದ್ದಿಕೊಂಡರು. ಗಂಡಿನ ಕಡೆಯವರು ಜೆಪ್ಪುವಿನ ಮನೆಗೆ ಬಂದರು, ಕಾಫಿ ಕುಡಿದರು. ಗಂಡಿನ ಚಿಕ್ಕಮ್ಮ ಆಚೆ ಈಚೆ ನೋಡಿ, "ಫೋಟೋದಲ್ಲಿ ಇದ್ದ ಹುಡುಗಿ ಎಲ್ಲಿ?" ಎಂದು ಕೇಳಿದರು. ಕೇಳಿದ್ದು ಕುಹಕಕ್ಕಲ್ಲ, ನಿಜವಾಗಿ ಗೊತ್ತಾಗದೆ. ಆ ಸಂಬಂಧ ಅಲ್ಲಿಗೆ ಮುರಿಯಿತು, ಬೇರೆಯದು ಕೂಡಿಬರಲಿಲ್ಲ. ಫೋಟೋ ಮಾತ್ರ ಚಾವಡಿಯ ಗೋಡೆಯಲ್ಲಿ ಮೊಳೆಗೆ ನೇತುಬಿದ್ದು ಉಳಿಯಿತು. ಅಕ್ಕ ಹೆಲನ್ ಗೋಡೆ ಗುಡಿಸುವಾಗಲೆಲ್ಲ, "ಈ ಚಂದದ ಹೆಂಗಸು ಯಾರು ಮಾರಾಯ್ತಿ? ನಮ್ಮ ಮನೆಗೆ ಒಂದು ದಿನವೂ ಊಟಕ್ಕೆ ಬರಲಿಲ್ಲ," ಎಂದು ತಂಗಿಯನ್ನು ಕೆಣಕುತ್ತಿದ್ದರು.

ಅದೇ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಪ್ಲೇಟು ತೊಳೆಯುವ ಕೆಲಸಕ್ಕೆ ಇದ್ದವನು ಹಾಶಿಂ. ಬಂದರಿನಲ್ಲಿ ಮೆಣಸಿನ ಮಂಡಿ ಇಟ್ಟಿದ್ದ ಅಹ್ಮದ್ ಬಾವ ಅವರ ಮೂರನೆಯ ಮಗ, ಇಪ್ಪತ್ತನಾಲ್ಕರ ಪ್ರಾಯ. ಮಂಡಿಯಲ್ಲಿ ಕೂರಿಸಿದರೆ ಮೆಣಸಿನ ಚೀಲದ ಮೇಲೆ ಹರಿಯುವ ಹುಳ ನೋಡುತ್ತ ಗಿರಾಕಿಗಳನ್ನು ಮರೆಯುವ ಜಾತಿ. ಅವನಿಗೆ ಹಿಡಿದ ಹುಚ್ಚು ಹಾರುವ ಜೇಡದ್ದು. ಬಲೆ ಕಟ್ಟದೆ, ಬೆಕ್ಕಿನ ಹಾಗೆ ಹೊಂಚಿ ಕೂತು, ನೊಣದ ಮೇಲೆ ನೆಗೆಯುವ ಸಣ್ಣ ಜೀವ.

"ನಮ್ಮ ಉಮ್ಮ ಜೇಡಕ್ಕೆ ಪೊರಕೆ ಮುಟ್ಟಿಸಲು ಬಿಡುವುದಿಲ್ಲ," ಎಂದು ಒಮ್ಮೆ ಬಾಯಿಯ ಹತ್ತಿರ ಹೇಳಿದ್ದ. "ಪೈಗಂಬರರು ಗುಹೆಯಲ್ಲಿ ಇದ್ದಾಗ ಬಾಗಿಲಿಗೆ ಬಲೆ ಕಟ್ಟಿ ಕಾಪಾಡಿದ್ದು ಅದೇ ಅಲ್ವಾ? ಆದರೆ ಬಲೆ ಕಟ್ಟದೆ ಬರೀ ಹಾರ್ತಾ ಇರುವವನು ಎಂತ ಜೇಡ, ನಿನ್ನ ಹಾಗೆ ಬೇಕಾರಿ ಅಂತ ಬೈತಾರೆ."

ಆ ಬೇಕಾರಿಯ ಮುಖ ಹಿಡಿಯಲಿಕ್ಕೆ ಹಾಶಿಂ ತಾನೇ ಒಂದು ಯಂತ್ರ ಕಟ್ಟಿದ್ದ. ಸ್ಟುಡಿಯೋದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮಡಚುವ ಕ್ಯಾಮೆರಾ, ಅದರ ಮೂತಿಗೆ ಒಂದಕ್ಕೊಂದು ಬೆಸುಗೆ ಹಾಕಿದ ಎರಡು ಸಿಗರೇಟು ಡಬ್ಬಿ, ಒಳಗೆ ಚಿಮಿಣಿ ದೀಪದ ಮಸಿ, ತುದಿಗೆ ಕೆಟ್ಟುಹೋದ ಸಿನೆಮಾ ಯಂತ್ರದ ಲೆನ್ಸು, ಅದೂ ಹಿಂದುಮುಂದಾಗಿ. ಹೀಗೆ ಮಾಡಿದರೆ ಹುರುಳಿ ಕಾಳಿನಷ್ಟು ಇದ್ದದ್ದು ಹಿಂದಿನ ಗಾಜಿನಲ್ಲಿ ನಿಂಬೆಹಣ್ಣಿನಷ್ಟು ಕಾಣುತ್ತದೆ. ಕಾಣುವುದು ತಲೆಕೆಳಗಾಗಿ. ಉಸಿರು ಜೋರಾಗಿ ಬಿಟ್ಟರೆ ಜೇಡ ಓಡುತ್ತದೆ, ನೆರಳು ಬಿದ್ದರೂ ಓಡುತ್ತದೆ. ಬೆಳಕು ಸಾಲದ್ದಕ್ಕೆ ಕನ್ನಡಿಯಿಂದ ಬಿಸಿಲು ಹಾಯಿಸಬೇಕು, ಪ್ಲೇಟಿಗೆ ಅರ್ಧ ಸೆಕೆಂಡು ಬೆಳಕು ತೋರಿಸಬೇಕು, ಅಷ್ಟು ಹೊತ್ತು ಜೇಡ ಕದಲಬಾರದು. ಆದಿತ್ಯವಾರ ಬಂತೆಂದರೆ ಹಾಶಿಂ ಈ ಸಂಸಾರವನ್ನೆಲ್ಲ ಸೈಕಲಿಗೆ ಕಟ್ಟಿಕೊಂಡು ಕಾವೂರಿನ ಗೇರು ಗುಡ್ಡೆಗೆ ಹೋಗುತ್ತಿದ್ದ. ಸಂಜೆ ಬರಿಗೈಯಲ್ಲಿ ಬರುತ್ತಿದ್ದ.

ಅಹ್ಮದ್ ಬಾವ ಎರಡು ವರ್ಷ ನೋಡಿದರು, ಸಹನೆ ಮುಗಿಯಿತು. ಸಾವಿರದ ಒಂಬೈನೂರ ಐವತ್ತೇಳರ ಮೇ ತಿಂಗಳಲ್ಲಿ ಮಾತು ಕೊನೆ ಮಾಡಿದರು. ಮಳೆಗಾಲಕ್ಕೆ ಮುಂಚಿನ ಕಡೆಯ ಹಡಗಿನಲ್ಲಿ ಹಾಶಿಂ ಮಾವನ ಜೊತೆ ಬೊಂಬಾಯಿಗೆ ಹೋಗಬೇಕು, ಅಲ್ಲಿನ ಅಂಗಡಿಯಲ್ಲಿ ಕೂರಬೇಕು. ಹಡಗು ತಿಂಗಳ ಕೊನೆಯ ಶುಕ್ರವಾರ.

ಅದಕ್ಕೆ ಹಿಂದಿನ ವಾರ ಊರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮೋಹನದಾಸ್ ಮಾಸ್ಟ್ರು ಸ್ಟುಡಿಯೋಕ್ಕೆ ಬಂದಿದ್ದರು. ಪಾಠಕ್ಕೆ ಬೇಕಾದ ಚಿತ್ರಗಳನ್ನು ತೆಗೆಯಲಿಕ್ಕೆ ಕಾಲೇಜಿನಲ್ಲಿ ಒಂದು ಕೆಲಸ ಖಾಲಿ ಉಂಟೆಂದು ಅವರ ಬಾಯಿಂದಲೇ ಕೇಳಿ ಹಾಶಿಂ ಕತ್ತಲೆ ಕೋಣೆಯಿಂದ ಹೊರಗೆ ಹಾರಿ ಬಂದ.

"ಸೂಜಿ ಚುಚ್ಚಿದ ಹುಳದ ಫೋಟೋ ನನ್ನ ಹತ್ತಿರ ರಾಶಿ ಉಂಟು," ಎಂದರು ಮಾಸ್ಟ್ರು. "ಜೀವ ಇರುವಂಥದ್ದು, ಅದರ ಜಾಗದಲ್ಲೇ ಇರುವಂಥದ್ದು, ಮುಖ ಕಾಣುವ ಹಾಗೆ ಒಂದು ತಾ. ಸೋಮವಾರ ಜವಾನನನ್ನು ಕಳಿಸ್ತೇನೆ. ಸರಿ ಕಂಡರೆ ಪ್ರಿನ್ಸಿಪಾಲರ ಹತ್ತಿರ ಮಾತಾಡ್ತೇನೆ."

ಗುರುವಾರ ಬೆಳಗ್ಗೆ ಕಾವೂರಿನಲ್ಲಿ, ಎರಡು ವರ್ಷದ ಮುನಿಸು ಮರೆತಂತೆ, ಒಂದು ದಪ್ಪ ರೋಮದ ಜೇಡ ಗೇರು ಎಲೆಯ ತುದಿಯಲ್ಲಿ ಕೂತು ಲೆನ್ಸನ್ನೇ ನೋಡಿತು. ಹಾಶಿಂ ಪ್ಲೇಟು ತೊಳೆದು, ಕೆಂಪು ಬೆಳಕಿನಲ್ಲಿ ಎತ್ತಿ ಹಿಡಿದು, ಕುಣಿಯುವುದೊಂದು ಬಾಕಿ. ಅದನ್ನು ಒಣಗಲು ಇಟ್ಟು ಶುಕ್ರವಾರ ಜೋನ್ ಪೊರ್ಬುಗಳ ಜೊತೆ ಸುರತ್ಕಲ್ಲಿನ ಮದುವೆಯೊಂದಕ್ಕೆ ಹೋದ. "ಆದಿತ್ಯವಾರ ಬಂದು ನಾನೇ ಪ್ರಿಂಟ್ ಹಾಕ್ತೇನೆ ಬಾಯಿ," ಎಂದು ಹೇಳಿಯೇ ಹೋದ.

ಆದರೆ ಕಾಲೇಜಿನ ಜವಾನ ಬಂದದ್ದು ಶನಿವಾರ. ಮಾಸ್ಟ್ರು ಆದಿತ್ಯವಾರಕ್ಕೆ ಊರಿಗೆ ಹೋಗುವವರಂತೆ, ಅದಕ್ಕೆ ಮುಂಚೆಯೇ ಬೇಕಂತೆ. ಗೆರ್ಟ್ರೂಡ್ ಬಾಯಿ ಅವನನ್ನು ಕೆಳಗೆ ಬೆಂಚಿನ ಮೇಲೆ ಕೂರಿಸಿ ಪ್ಲೇಟು ಹುಡುಕಿ ತೆಗೆದರು. ಆ ಹುಡುಗನ ಹಣೆಬರಹ ಈ ಗಾಜಿನಲ್ಲಿ ಉಂಟು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಇಂಥ ಪ್ಲೇಟನ್ನು ಹಾಗೇ ಕೊಡುವುದು ಸರಿಯಲ್ಲ ಎನ್ನಿಸಿತು. ಕಿಟಕಿಗೆ ಹಿಡಿದು ನೋಡಿದರು. ಇದ್ದಿಲು ಮುಖದಲ್ಲಿ ಎರಡು ದೊಡ್ಡ ತೂತು, ಅವು ಕಣ್ಣು, ಸರಿ. ಅವುಗಳ ಆಚೆಗೊಂದು ಈಚೆಗೊಂದು ಸಣ್ಣ ದುಂಡು ತೂತು. ಇಪ್ಪತ್ತೇಳು ವರ್ಷದಲ್ಲಿ ಅಂಥ ತೂತು ಅವರು ಲಕ್ಷ ನೋಡಿರಬಹುದು.

"ಅಯ್ಯೋ ಹಾಶಿಂ, ಪ್ಲೇಟು ಒರೆಸದೆ ಹಾಕಿದ್ದೀಯಾ," ಎಂದು ತಮ್ಮಷ್ಟಕ್ಕೆ ಗೊಣಗಿ, ಮುಕ್ಕಾಲು ಗಂಟೆ ಉಸಿರು ಹಿಡಿದು, ಎರಡನ್ನೂ ಗುರುತು ಉಳಿಯದಂತೆ ತುಂಬಿದರು. ಮುಖದ ಸುತ್ತ ಎದ್ದುನಿಂತಿದ್ದ ರೋಮವನ್ನು ಚಾಕುವಿನಿಂದ ತುಸು ಹೆರೆದು ನಯ ಮಾಡಿದರು. ತಾವೇ ಪ್ರಿಂಟು ಹಾಕಿ, ಒಣಗಿಸಿ, ಕವರಿನಲ್ಲಿಟ್ಟು ಜವಾನನ ಕೈಗೆ ಕೊಟ್ಟರು. ಆ ಸಂಜೆ ಜೆಪ್ಪುವಿಗೆ ನಡೆದುಹೋಗುವಾಗ, ಒಬ್ಬರ ಬದುಕಿಗೆ ಬೇಕಾದ ಕೆಲಸ ಮಾಡಿದೆ ಎಂಬ ತೃಪ್ತಿ ಅವರ ಹೆಜ್ಜೆಯಲ್ಲೇ ಇತ್ತು.

ಪ್ರಿಂಟು ಆಗಲೇ ಹೋಗಿದೆ ಎಂದು ಕೇಳಿ ನೇರ ಕಾಲೇಜಿಗೆ ಹೋಗಿದ್ದ ಹಾಶಿಂ ಸೋಮವಾರ ಮಧ್ಯಾಹ್ನ ವಾಪಸು ಬಂದ. ಮೆಟ್ಟಲು ಹತ್ತಿ ಬಂದವನು ಕವರನ್ನು ಬಾಯಿಯ ಮೇಜಿನ ಮೇಲಿಟ್ಟ.

"ಎಂತ ಹೇಳಿದರು? ಒಪ್ಪಿದರಾ?"

"ನಕ್ಕರು, ಬಾಯಿ."

"ನಕ್ಕರಾ? ಯಾಕೆ ನಗುವುದು? ಅಷ್ಟು ಚಂದ ಬಂದಿತ್ತು!"

"ಹಾರುವ ಜೇಡಕ್ಕೆ ಎದುರಿನಲ್ಲಿ ನಾಲ್ಕು ಕಣ್ಣು ಉಂಟು. ನಡುವೆ ಎರಡು ದೊಡ್ಡದು, ಪಕ್ಕದಲ್ಲಿ ಎರಡು ಸಣ್ಣದು. ನಿನ್ನ ಜೇಡ ಯಾವ ದೇಶದ್ದು, ಮಣ್ಣಲ್ಲಿ ಗೊಂಬೆ ಮಾಡಿ ಇಟ್ಟದ್ದಾ ಅಂತ ಕೇಳಿದರು."

ಬಾಯಿಯ ಕೈಯಲ್ಲಿದ್ದ ಪೆನ್ಸಿಲು ಕೆಳಗೆ ಬಿದ್ದು ಮೊನೆ ಮುರಿಯಿತು. ಅದನ್ನು ಹೆಕ್ಕುತ್ತ, "ನಾನು ಧೂಳು ಅಂತ ಎಣಿಸಿದೆ ಮಾರಾಯ," ಎಂದರು. "ಟರ್ಪೆಂಟೈನಿನಲ್ಲಿ ತೊಳೆದರೆ ಪೆನ್ಸಿಲು ಹೋಗ್ತದೆ. ಕಣ್ಣು ವಾಪಸು ಬರ್ತದೆ."

"ರೋಮ?"

ಚಾಕು ಹೆರೆದದ್ದು ವಾಪಸು ಬರುವಂಥದ್ದಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಅದನ್ನು ನಾನು ಬರೆದು ಕೊಡ್ತೇನೆ," ಎಂದರು ಬಾಯಿ ಅವಸರದಲ್ಲಿ. "ಒಂದೊಂದೇ ಎಳೆ ಬರೀತೇನೆ. ಮಾಸ್ಟ್ರು ಅಲ್ಲ, ಅವರ ಮಾಸ್ಟ್ರು ಬಂದರೂ ಗೊತ್ತಾಗುವುದಿಲ್ಲ."

ಹಾಶಿಂ ಬೇಡವೆಂದು ತಲೆ ಆಡಿಸಿದ. "ಆಗ ಅದು ನಿಮ್ಮ ಜೇಡ ಆಗ್ತದೆ ಬಾಯಿ. ಗೇರು ಮರದ್ದು ಅಲ್ಲ." ಆಮೇಲೆ ಇನ್ನೂ ಸಣ್ಣ ಸ್ವರದಲ್ಲಿ ಹೇಳಿದ, "ಮಾಸ್ಟ್ರು ಗುರುವಾರ ಸಂಜೆವರೆಗೆ ಕಾಯ್ತೇನೆ ಅಂದಿದ್ದಾರೆ. ಹೊಸ ಪ್ಲೇಟೇ ಆಗಬೇಕಂತೆ. ಪೆನ್ಸಿಲ್ ಮುಟ್ಟಿದ್ದನ್ನು ನಂಬುವುದಿಲ್ಲಂತೆ. ಕಾವೂರಿಗೆ ಹೋಗಿ ಬಂದೆ. ಮೊನ್ನೆಯ ಗಾಳಿಮಳೆಗೆ ಒಂದು ಎಲೆಯಲ್ಲಿಯೂ ಎಂತದೂ ಇಲ್ಲ."

ಶುಕ್ರವಾರ ಹಡಗು.

ಮಂಗಳವಾರ ಬೆಳಗ್ಗೆ ಬಾಯಿ ಎಂದಿನಂತೆ ಅಬ್ಬಲಿಗೆ ಹೂ ಕೊಯ್ಯಲು ಅಂಗಳಕ್ಕಿಳಿದರು. ಗಿಡದ ಎಲೆಯೊಂದು ಮಡಚಿಕೊಂಡಿತ್ತು, ಅದಕ್ಕೆ ಬಿಳಿ ನೂಲಿನ ಹೊದಿಕೆ. ಅಂಥದ್ದನ್ನು ಅವರು ಕಸವೆಂದು ಎಷ್ಟು ಸಲ ಚಿವುಟಿ ಎಸೆದಿದ್ದರೋ ಲೆಕ್ಕವಿಲ್ಲ. ಈ ಸಲ ಕೈ ತಡೆಯಿತು. ಬಗ್ಗಿ ನೋಡಿದರು. ಹೊದಿಕೆಯ ಒಳಗಿಂದ ಒಂದು ಬೂದು ಮುಖ ಹೊರಗೆ ಬಂದು, ಅವರು ಎಡಕ್ಕೆ ವಾಲಿದರೆ ಎಡಕ್ಕೆ ತಿರುಗಿತು, ಬಲಕ್ಕೆ ವಾಲಿದರೆ ಬಲಕ್ಕೆ.

ಹೂವಿನ ಬುಟ್ಟಿ ಅಲ್ಲಿಯೇ ಬಿಟ್ಟು, ಚಪ್ಪಲಿಯನ್ನೂ ಮರೆತು, ನಲವತ್ತಾರರ ಗೆರ್ಟ್ರೂಡ್ ಬಾಯಿ ಬಂದರಿನ ಕಡೆಗೆ ಓಡು ನಡಿಗೆಯಲ್ಲಿ ಹೊರಟದ್ದನ್ನು ಜೆಪ್ಪುವಿನವರು ಬಹಳ ದಿನ ಆಡಿಕೊಂಡರು.

ಹಾಶಿಂ ಹತ್ತಿರ ಉಳಿದಿದ್ದದ್ದು ಮೂರು ಪ್ಲೇಟು. ಅವನು ಸೈಕಲು ತುಳಿದು ಬರುವಷ್ಟರಲ್ಲಿ ಬಿಸಿಲು ಏರಿತ್ತು, ಕ್ಯಾಮೆರಾ ಹೂಡುವಾಗ ಒಳಗಿಂದ ಹೆಲನ್ ಬಕೆಟ್ ನೀರು ತಂದು ಗಿಡದ ಬುಡಕ್ಕೆ ರಪ್ಪನೆ ಹೊಯ್ದರು. ಜೇಡ ಹಾರಿತು, ಮೊದಲ ಪ್ಲೇಟಿನಲ್ಲಿ ಬರೀ ಎಲೆ ಮೂಡಿತು.

"ಹೆಲನ್!" ಎಂದು ಬಾಯಿ ಕಿರುಚಿದರು.

"ಎಂತ ಹೆಲನ್? ಗಿಡಕ್ಕೆ ನೀರು ಹಾಕಬಾರದಾ? ಮನೆಯಲ್ಲಿ ಒಬ್ಬಳಿಗೆ ಹುಚ್ಚು ಹಿಡಿದದ್ದು ಸಾಲದೆ ಬಂದರಿನಿಂದ ಇನ್ನೊಬ್ಬನನ್ನು ಕರ್ಕೊಂಡು ಬಂದಿದ್ದೀ. ಕೂತುಕೊಳ್ಳಲು ಮಣೆ ಹಾಕಲಾ ನಿನ್ನ ಜೇಡಕ್ಕೆ?"

ಬುಧವಾರ ಜೇಡ ಹೊದಿಕೆಗೆ ಮರಳಿತ್ತು, ಆದರೆ ಮೋಡ. ಮೋಡದಲ್ಲೇ ತೆಗೆದ ಎರಡನೆಯ ಪ್ಲೇಟು ಮಂಜಿನಂತೆ ಬಂತು.

ಗುರುವಾರ ಬೆಳಗಾಗುತ್ತಲೇ ಇಬ್ಬರೂ ಗಿಡದ ಮುಂದೆ ಕುಕ್ಕರಗಾಲಿನಲ್ಲಿದ್ದರು. ಹೆಲನ್ ಜಗಲಿಯಲ್ಲಿ ತುಟಿಗೆ ಸೆರಗು ಒತ್ತಿ ಕೂತಿದ್ದರು. ಜಪಸರ ಕೈಯಲ್ಲಿತ್ತು, ಜಪ ಯಾವುದಕ್ಕೆಂದು ಹೇಳಲಿಲ್ಲ. ಎಳೆಬಿಸಿಲು ಆವರಣದ ಮುರಕಲ್ಲಿನ ಗೋಡೆ ದಾಟಿ ಬಂತು. ಹಾಶಿಂ ಕನ್ನಡಿಯನ್ನು ಬಾಯಿಯ ಕೈಗೆ ಕೊಟ್ಟ. "ಬಿಸಿಲು ಅದರ ಮುಖದ ಮೇಲೆ ಬೀಳಬೇಕು. ಒಂದು ಅಕ್ಕಿ ಕಾಳಿನಷ್ಟು ಆಚೀಚೆ ಆದರೂ ಹೋಯಿತು. ನನ್ನ ಕೈ ನಡುಗ್ತದೆ ಬಾಯಿ. ನಿಮ್ಮದು ನಡುಗುವುದಿಲ್ಲ."

ನಡುಗುವ ಕೈ ಅವರದಾಗಿರಲಿಲ್ಲ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಲ್ಲಿ ಪೆನ್ಸಿಲು ನಿಲ್ಲಿಸಿದ ಕೈ ಅದು. ಬಿಸಿಲಿನ ಸಣ್ಣ ತುಣುಕು ಎಲೆಯ ಮೇಲೆ ಹರಿದು, ಹೊದಿಕೆಯ ಅಂಚಿನ ಹತ್ತಿರ ಹೋಗಿ, ಮೊಳೆ ಹೊಡೆದ ಹಾಗೆ ನಿಂತಿತು. ಜೇಡ ಹೊರಬಂತು. ಬಂದದ್ದೇ ನೆಗೆದು ಸಿಗರೇಟು ಡಬ್ಬಿಯ ಅಂಚಿನಲ್ಲಿ ಕೂತಿತು.

"ಅಯ್ಯೋ, ಯಂತ್ರದ ಮೇಲೆಯೇ ಹತ್ತಿತು," ಎಂದು ಬಾಯಿ ತುಟಿ ಅಲ್ಲಾಡಿಸದೆ ಹೇಳಿದರು.

"ಪರೀಕ್ಷೆ ಮಾಡ್ತಾ ಉಂಟು. ಬೆಸುಗೆ ಸರಿ ಉಂಟಾ ಅಂತ."

ಬೆಸುಗೆ ಸರಿ ಕಂಡಿರಬೇಕು. ಹಿಂದಕ್ಕೆ ಹಾರಿ ಎಲೆಯ ತುದಿಯಲ್ಲಿ ಕೂತು, ಮುಂಗಾಲಿನಿಂದ ಮುಖ ಒರೆಸಿಕೊಂಡಿತು. ಹಾಶಿಂ ಹಲಗೆಯ ಮೇಲೆ ಕ್ಯಾಮೆರಾವನ್ನು ಎಳ್ಳು ಕಾಳಿನಷ್ಟು ಮುಂದೆ ಸರಿಸಿ, ಕರಿ ಬಟ್ಟೆಯೊಳಗಿಂದ ತಲೆ ತೆಗೆದ. "ಕನ್ನಡಿ ಕದಲಿಸದೆ ಒಮ್ಮೆ ನೋಡಿ ಬಾಯಿ. ಪ್ಲೇಟು ಹಾಕುವ ಮೊದಲು ನೀವು ನೋಡಬೇಕು."

ಕೈಯನ್ನು ಅಲ್ಲಿಯೇ ಬಿಟ್ಟು ಬಾಯಿ ಕುತ್ತಿಗೆ ಮಾತ್ರ ವಾಲಿಸಿ ಬಟ್ಟೆಯೊಳಗೆ ನೋಡಿದರು. ತಲೆಕೆಳಗಾಗಿ, ಗಾಜಿನ ತುಂಬ, ಒಂದು ಮುಖ. ರೋಮ ರೋಮವೂ ಬೇರೆ ಬೇರೆ. ನಡುವೆ ಎರಡು ಕರಿ ಕನ್ನಡಿಯಂಥ ಕಣ್ಣು, ಪಕ್ಕದಲ್ಲಿ ಇನ್ನೆರಡು ಸಣ್ಣದು. ಅವರು ಹಿಡಿದ ಕನ್ನಡಿಯ ಬಿಸಿಲು ನಾಲ್ಕರಲ್ಲೂ ನಾಲ್ಕು ಹನಿಯಾಗಿ ಹೊಳೆಯುತ್ತಿತ್ತು.

"ಈ ಪಕ್ಕದ್ದು..." ಎಂದರು.

"ಅದೇ ಬಾಯಿ."

"ನನ್ನನ್ನೇ ನೋಡ್ತಾ ಉಂಟಲ್ಲ ಮಾರಾಯ."

ಅವರು ಹಿಂದೆ ಸರಿದರು. ಹಾಶಿಂ ಕೊನೆಯ ಪ್ಲೇಟು ಹಾಕಿದ. ಇಬ್ಬರೂ ಉಸಿರು ಹಿಡಿದರು. ಜಗಲಿಯಲ್ಲಿ ಹೆಲನ್ ಅವರ ಜಪಸರವೂ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಪ್ಲೇಟು ಒಣಗಿತು. ಹಾಶಿಂ ಅದನ್ನು ತಂದು ಬಾಯಿಯ ಓರೆ ಮೇಜಿನ ಮೇಲಿಟ್ಟ. ನಾಲ್ಕು ಕಣ್ಣೂ ಇದ್ದವು, ರೋಮವೂ ಇತ್ತು. ಆದರೆ ಎಲೆಯ ನಡುಭಾಗದಲ್ಲಿ ಒಂದು ತೂತು. ಈ ಸಲ ನಿಜವಾದ ಧೂಳು. ಮುಖಕ್ಕೆ ತಾಗದೆ, ಎದ್ದು ಕಾಣುವ ಜಾಗದಲ್ಲಿ. ಬಾಯಿಯ ಬೆರಳು ತುರಿಸಿತು. ಎರಡು ನಿಮಿಷದ ಕೆಲಸ. ಎಲೆಯನ್ನು ತಿದ್ದಿದರೆ ಜೇಡಕ್ಕೆ ಏನಾಯಿತು? ಪೆನ್ಸಿಲು ಕೈಗೆತ್ತಿಕೊಂಡರು, ಕೆಳಗಿಟ್ಟರು. ಕೊನೆಗೆ ಪೆನ್ಸಿಲು, ಚಾಕು ಎರಡನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಕೆಳಗಿಳಿದು ಹೋಗಿ ಬೀಗದ ಕೈಯನ್ನು ಜೋನ್ ಪೊರ್ಬುಗಳ ಮುಂದಿಟ್ಟರು.

"ನಾಳೆವರೆಗೆ ಇದನ್ನು ನನಗೆ ಕೊಡಬೇಡಿ. ಕೇಳಿದರೂ ಕೊಡಬೇಡಿ."

"ನಾಳೆಗೆ ಮೂರು ಮದುವೆ ಹುಡುಗಿಯರ ಪ್ಲೇಟು ಉಂಟು, ಗೆರ್ಟ್ರೂಡ್!"

"ಒಂದು ದಿನ ಅವರು ಇದ್ದ ಹಾಗೇ ಇರಲಿ ಪೊರ್ಬುಗಳೇ."

ಸಂಜೆ ಪ್ರಿಂಟು ಹಿಡಿದು ಹಾಶಿಂ ಹೊರಟಾಗ ಬಾಯಿಯೂ ಜೊತೆಗೆ ಹೊರಟರು. ಗಾಜಿನ ಪ್ಲೇಟನ್ನು ಕೈವಸ್ತ್ರದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಮೋಹನದಾಸ್ ಮಾಸ್ಟ್ರು ಭೂತಗನ್ನಡಿ ಹಿಡಿದು ಚಿತ್ರದ ಮೇಲೆ ಬಗ್ಗಿದರು. ಮನಸ್ಸಿನಲ್ಲೇ ಎಣಿಸಿದರು, ತುಟಿ ಅಲುಗಿದ್ದು ಕಂಡಿತು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಅವರ ಬೆರಳು ಎಲೆಯ ಮೇಲಿನ ಕರಿ ಚುಕ್ಕೆಯ ಹತ್ತಿರ ಬಂದು ನಿಂತಿತು.

"ಇದು ಎಂತ?"

ಹಾಶಿಂ ಮಾತು ತೆಗೆಯುವ ಮೊದಲು ಗೆರ್ಟ್ರೂಡ್ ಬಾಯಿ ಮುಂದೆ ಬಂದರು. "ಧೂಳು ಸರ್. ಮೊದಲಿನದ್ದರಲ್ಲಿ ಕಣ್ಣು ಅಳಿಸಿದ್ದು ಇವನಲ್ಲ, ನಾನು. ಧೂಳು ಅಂತ ಎಣಿಸಿ ಅಳಿಸಿದೆ. ಇದು ನಿಜವಾದ ಧೂಳು, ಇದನ್ನು ಬಿಟ್ಟಿದ್ದೇನೆ." ಕೈವಸ್ತ್ರ ಬಿಚ್ಚಿ ಪ್ಲೇಟು ಮೇಜಿನ ಮೇಲಿಟ್ಟರು. "ಇಪ್ಪತ್ತೇಳು ವರ್ಷದಲ್ಲಿ ನನ್ನ ಕೈಯಿಂದ ದಾಟಿಹೋದ ಮೊದಲ ಚುಕ್ಕೆ ಇದು. ನೋಡಿಕೊಳ್ಳಿ."

ಮಾಸ್ಟ್ರು ಪ್ಲೇಟನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪೆನ್ಸಿಲು ಹಿಡಿಯಲು ಹಚ್ಚುವ ಮೆರುಗೆಣ್ಣೆಯೂ ಅದರ ಮೇಲಿರಲಿಲ್ಲ.

"ನಾಲ್ಕು ಕಣ್ಣು ಇದ್ದದ್ದಕ್ಕೆ ಖುಷಿ ಆಯಿತು," ಎಂದರು. "ಆದರೆ ನಂಬಿಕೆ ಬಂದದ್ದು ಈ ಚುಕ್ಕೆ ನೋಡಿ. ಹಾಶಿಂ, ಜೂನಿನಲ್ಲಿ ಕಾಲೇಜು ಸುರು ಆಗುವಾಗ ಬಾ. ನಿನ್ನ ಸಿಗರೇಟು ಡಬ್ಬಿಯನ್ನೂ ತಾ."

ಮಾರನೆಯ ದಿನ ಮಾವ ಒಬ್ಬರೇ ಹಡಗು ಹತ್ತಿದರು. ಅಹ್ಮದ್ ಬಾವ ಎರಡು ವಾರ ಮಗನ ಹತ್ತಿರ ಮಾತಾಡಲಿಲ್ಲ. ಆಮೇಲೆ ಮಂಡಿಗೆ ಬಂದವರಿಗೆಲ್ಲ, "ನಮ್ಮವನು ಕಾಲೇಜಿನಲ್ಲಿ ಇದ್ದಾನೆ," ಎಂದು ಹೇಳತೊಡಗಿದರು. ಅಲ್ಲಿ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ಮಾತ್ರ ಮೆಣಸಿನ ದರದ ಕಡೆಗೆ ತಿರುಗುತ್ತಿದ್ದರು.

ಸ್ಟುಡಿಯೋದಲ್ಲಿ ಕೆಲಸ ಮೊದಲಿನ ಹಾಗೆಯೇ ನಡೆಯಿತು. ಒಂದೇ ಒಂದು ವ್ಯತ್ಯಾಸ. ಮದುವೆಯ ಹುಡುಗಿ ಮೆಟ್ಟಲು ಹತ್ತಿ ಬಂದರೆ ಗೆರ್ಟ್ರೂಡ್ ಬಾಯಿ ಮೊದಲು ಅವಳ ಮುಖವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಗಲ್ಲದ ಮಚ್ಚೆಗೆ ಬೆರಳಿಟ್ಟು, "ಇದು ಇರಲಾ, ಹೋಗಲಾ?" ಎಂದು ಅವಳನ್ನೇ ಕೇಳುತ್ತಿದ್ದರು. ತಾಯಂದಿರು "ತೆಗೀರಿ ಬಾಯಿ" ಎಂದು ನಡುವೆ ಬಂದರೆ, "ನಿಮ್ಮ ಹತ್ತಿರ ಕೇಳಲಿಲ್ಲ" ಎನ್ನುತ್ತಿದ್ದರು. ಮಚ್ಚೆ ಇರಲಿ ಎಂದವರು ನೂರರಲ್ಲಿ ಹತ್ತು ಮಂದಿ ಇದ್ದಾರು. ಆ ಹತ್ತು ಮಂದಿಯ ಪ್ಲೇಟನ್ನು ಅವರು ಬೇರೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರು.

ಅರವತ್ತಾರರ ಹೊತ್ತಿಗೆ ಗಾಜಿನ ಪ್ಲೇಟು ಹೋಗಿ ಫಿಲ್ಮಿನ ಸುರುಳಿ ಬಂದಿತ್ತು. ಬೆರಳುಗುರಿನಷ್ಟು ಫಿಲ್ಮಿನಲ್ಲಿ ತಿದ್ದುವುದಕ್ಕೆ ಜಾಗವೆಲ್ಲಿ? ಬಾಯಿಯ ಕಣ್ಣಿಗೂ ಮಬ್ಬು ಕವಿದಿತ್ತು. ಕೆಲಸ ಬಿಟ್ಟ ವಾರ, ಒಂದು ಆದಿತ್ಯವಾರ, ಹಾಶಿಂ ಹಳೆಯ ಕ್ಯಾಮೆರಾ ಸೈಕಲಿಗೆ ಕಟ್ಟಿಕೊಂಡು ಜೆಪ್ಪುವಿಗೆ ಬಂದ. ಎಲ್ಲಿಂದಲೋ ಒಂದು ಗಾಜಿನ ಪ್ಲೇಟು ಹುಡುಕಿ ತಂದಿದ್ದ. ಬಾಯಿಯನ್ನು ಜಗಲಿಯಲ್ಲಿ ಕೂರಿಸಿ, ಎಡಗೆನ್ನೆಗೆ ಎಳೆಬಿಸಿಲು ಬೀಳುವ ಹಾಗೆ ಕನ್ನಡಿಯನ್ನು ಹೆಲನ್ ಕೈಗೆ ಕೊಟ್ಟ. ಹೆಲನ್ ಕೈ ನಡುಗಿತು, ಬೈಗುಳ ತಿಂದಿತು, ಕೊನೆಗೆ ನಿಂತಿತು.

ಮುಂದಿನ ವಾರ ಪ್ರಿಂಟು ಕಟ್ಟು ಹಾಕಿಸಿ ತಂದ. ಏಳೆಂಟು ಗುಳಿಯೂ ಇದ್ದವು, ಒಂದೊಂದರಲ್ಲೂ ಅಷ್ಟಷ್ಟು ನೆರಳು. ಹೆಲನ್ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಹಾಂ, ಇವಳು ದಿನಾ ಊಟಕ್ಕೆ ಬರುವವಳು," ಎಂದರು.

ಬಾಯಿ ಸ್ಟೂಲು ಎಳೆದು, ಹತ್ತಿ, ಮೂವತ್ತಮೂರು ವರ್ಷದಿಂದ ಮೊಳೆಯಲ್ಲಿದ್ದ ಹಳೆಯ ಫೋಟೋವನ್ನು ತಾವೇ ಕೆಳಗಿಳಿಸಿದರು. ಕಟ್ಟಿನ ಹಿಂದೆ ಬಿಳಿ ನೂಲಿನ ಗೂಡೊಂದಿತ್ತು. ಅದರಿಂದ ಸಣ್ಣ ಜೇಡವೊಂದು ಗೋಡೆಗೆ ಹಾರಿ, ನಾಲ್ಕು ಹೆಜ್ಜೆ ಓಡಿ, ನಿಂತು, ಹಿಂತಿರುಗಿ ನೋಡಿತು.

ಹೆಲನ್ ಅಭ್ಯಾಸಬಲದಿಂದ ಮೂಲೆಗೆ ಕೈ ಚಾಚಿದರು.

"ಪೊರಕೆ ಕೆಳಗಿಡು," ಎಂದರು ಗೆರ್ಟ್ರೂಡ್ ಬಾಯಿ, ಸ್ಟೂಲಿನ ಮೇಲಿಂದಲೇ. "ಮೊದಲು ಅದರ ಕಣ್ಣು ಎಣಿಸು."